ಹನೋಯಿ: ಕಲ್ಲಿನಲ್ಲಿ ಕೊರೆದ ಹೆಸರುಗಳು, ಕೊರೆಯದೆ ಉಳಿದ ಹೆಸರುಗಳು

ವಿಯೆಟ್ನಾಂ ಎಂದೊಡನೆ ನಮ್ಮಲ್ಲಿ ಹೆಚ್ಚಿನವರಿಗೆ ನೆನಪಾಗುವುದು ಯುದ್ಧ. ಮೊದಲು ಫ್ರಾನ್ಸ್, ಆನಂತರ ಅಮೆರಿಕ, ಹೀಗೆ ಎರಡು ಬಲಾಢ್ಯ ರಾಷ್ಟ್ರಗಳನ್ನು ಒಂದು ಬಡ ಕೃಷಿಕ ದೇಶ ಎದುರಿಸಿ ನಿಂತ ಕಥೆಯನ್ನು ನಾವೆಲ್ಲರೂ ಓದಿದ್ದೇವೆ ಅಥವಾ ಕೇಳಿದ್ದೇವೆ. ಆದರೆ ಆ ದೇಶದ ರಾಜಧಾನಿ ಹನೋಯಿಯ ಐತಿಹಾಸಿಕ ಸ್ಥಳಗಳನ್ನು ಒಂದೊಂದಾಗಿ ನೋಡುತ್ತಾ ಹೋದರೆ ಬೇರೆಯೇ ಒಂದು ಸಂಗತಿ ಗಮನಕ್ಕೆ ಬರುತ್ತದೆ. ಅಲ್ಲಿನ ಹಲವು ಪ್ರಮುಖ ಸ್ಮಾರಕಗಳು ಯುದ್ಧಕ್ಕಿಂತಲೂ ವಿದ್ಯೆಗೆ ಸಂಬಂಧಿಸಿದವುಗಳು. ಪೂರ್ವಿಕರು ಬಾಳಿದ ನಾಡುಗಳಲ್ಲಿ ಸಂಚರಿಸಿ, ಅವರ ಏಳುಬೀಳುಗಳಿಂದ ಪಾಠ ಕಲಿಯಬೇಕೆಂದು ಪವಿತ್ರ ಕುರ್‌ಆನ್ ಮತ್ತೆ ಮತ್ತೆ ನಮಗೆ ನೆನಪಿಸುತ್ತದೆ. ಆ ದೃಷ್ಟಿಯಿಂದ ಹನೋಯಿಯನ್ನು ನೋಡಿದರೆ, ಶಿಕ್ಷಣಕ್ಕಾಗಿ ದುಡಿಯುವ ನಮ್ಮಂಥವರಿಗೆ ಅಲ್ಲಿ ಕಲಿಯಲು ಸಾಕಷ್ಟಿದೆ.

ಸರೋವರದ ದಡದ ಲೇಖನಿ

ಹನೋಯಿಯ ಇತಿಹಾಸ ಸಾವಿರ ವರ್ಷಗಳನ್ನು ದಾಟಿದೆ. 1010ರಲ್ಲಿ ಲಿ ವಂಶದ ಮೊದಲ ದೊರೆ ಲಿ ತಾಯ್ ತೊ ಬೆಟ್ಟಗಳ ನಡುವಿನ ಹೊವಾ ಲು ಎಂಬಲ್ಲಿಂದ ರಾಜಧಾನಿಯನ್ನು ಕೆಂಪು ನದಿಯ ಬಯಲಿಗೆ ವರ್ಗಾಯಿಸಿ, ಅದಕ್ಕೆ ತಾಂಗ್ ಲಾಂಗ್ ಎಂದು ಹೆಸರಿಟ್ಟನು. ಅದರ ಅರ್ಥ ಮೇಲೇರುವ ಡ್ರ್ಯಾಗನ್. ಹನೋಯಿ ಎಂಬ ಈಗಿನ ಹೆಸರು ಬಂದದ್ದು 1831ರಲ್ಲಿ, ಮಿನ್ ಮಾಂಗ್ ಎಂಬ ದೊರೆಯ ಕಾಲದಲ್ಲಿ. ನದಿಗಳ ಒಳಗಿನ ನಾಡು ಎಂಬುದು ಅದರ ಅರ್ಥ. ಹಳೆಯ ಕೋಟೆಯ ಬಹುಭಾಗವನ್ನು 19ನೇ ಶತಮಾನದ ಕೊನೆಯಲ್ಲಿ ಫ್ರೆಂಚರು ಕೆಡವಿದರು. 2002ರಲ್ಲಿ ಹೊಸ ಸಂಸತ್ ಭವನದ ಕಾಮಗಾರಿಗೆ ಮೊದಲು ಆ ಜಾಗದಲ್ಲಿ ಉತ್ಖನನ ಆರಂಭಿಸಿದಾಗ, ಶತಮಾನಗಳ ಅರಮನೆಗಳ ಅಡಿಪಾಯಗಳು ಒಂದರ ಮೇಲೊಂದರಂತೆ ಬೆಳಕಿಗೆ ಬಂದವು. ನಗರಕ್ಕೆ ಸಾವಿರ ವರ್ಷ ತುಂಬಿದ 2010ರಲ್ಲಿ ಯುನೆಸ್ಕೊ ಈ ಕೋಟೆ ಪ್ರದೇಶವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಗರದ ನಡುವೆ ಇರುವುದು ಹೊವಾನ್ ಕಿಯೆಮ್ ಸರೋವರ. ಖಡ್ಗವನ್ನು ಹಿಂದಿರುಗಿಸಿದ ಕೆರೆ ಎಂಬುದು ಈ ಹೆಸರಿನ ಅರ್ಥ. ಚೀನಾದ ಮಿಂಗ್ ಸೈನ್ಯವನ್ನು ಹತ್ತು ವರ್ಷ ಎದುರಿಸಿ ಓಡಿಸಿದ ಲೆ ಲೋಯಿ 1428ರಲ್ಲಿ ದೊರೆಯಾದನು. ಅವನಿಗೆ ಜಯ ತಂದುಕೊಟ್ಟ ಖಡ್ಗವನ್ನು ಈ ಕೆರೆಯ ಆಮೆಯೊಂದು ಮರಳಿ ಪಡೆದುಕೊಂಡಿತು ಎಂಬುದು ಅಲ್ಲಿನ ಐತಿಹ್ಯ. ಅದೇ ಕೆರೆಯ ದಡದಲ್ಲಿ, ಕೆಂಪು ಮರದ ಸೇತುವೆಗೆ ಹೋಗುವ ದಾರಿಯಲ್ಲಿ, ಒಂದು ಕಲ್ಲಿನ ಗೋಪುರವಿದೆ. 1865ರಲ್ಲಿ ನ್ಗುಯೆನ್ ವಾನ್ ಸಿಯೆವು ಎಂಬ ವಿದ್ವಾಂಸರು ಕಟ್ಟಿಸಿದ ಇದನ್ನು ಲೇಖನಿ ಗೋಪುರ ಎನ್ನುತ್ತಾರೆ. ಅದರ ತುದಿ ಬರೆಯುವ ಕುಂಚದ ಆಕಾರದಲ್ಲಿದೆ. ನೀಲಾಕಾಶದ ಮೇಲೆ ಬರೆಯುವುದು ಎಂಬ ಅರ್ಥದ ಮೂರು ಚೀನೀ ಅಕ್ಷರಗಳನ್ನು ಗೋಪುರದ ಮೇಲೆ ಕೊರೆಯಲಾಗಿದೆ. ಪಕ್ಕದಲ್ಲೇ ಕಲ್ಲಿನಲ್ಲಿ ಮಾಡಿದ ಮಸಿಕುಡಿಕೆಯೂ ಇದೆ. ಖಡ್ಗದ ಹೆಸರು ಹೊತ್ತ ಕೆರೆಯ ದಡದಲ್ಲಿ ಲೇಖನಿಗೂ ಒಂದು ಸ್ಮಾರಕ ಕಟ್ಟಿದರು. ಪ್ರವಾದಿ(ಸ)ಯವರಿಗೆ ಅವತೀರ್ಣವಾದ ಪ್ರಪ್ರಥಮ ಸೂಕ್ತಗಳಲ್ಲೇ ಓದು ಮತ್ತು ಲೇಖನಿಯ ಪ್ರಸ್ತಾಪವಿರುವುದನ್ನು ಬಲ್ಲ ನಮಗೆ ಇದರ ಭಾವ ಬೇಗನೆ ಅರ್ಥವಾದೀತು.

ಸಾಹಿತ್ಯ ಮಂದಿರ ಮತ್ತು ರಾಷ್ಟ್ರೀಯ ವಿದ್ಯಾಲಯ

ಕೆರೆಯಿಂದ ಪಶ್ಚಿಮಕ್ಕೆ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ ವಾನ್ ಮಿಯೆವು, ಅಂದರೆ ಸಾಹಿತ್ಯ ಮಂದಿರವಿದೆ. 1070ರಲ್ಲಿ ಲಿ ತಾನ್ ತೋಂಗ್ ಎಂಬ ದೊರೆ ಇದನ್ನು ಚೀನಾದ ತತ್ತ್ವಜ್ಞಾನಿ ಕನ್‌ಫ್ಯೂಷಿಯಸ್‌ನ ಗೌರವಾರ್ಥ ಕಟ್ಟಿಸಿದನು. ಆರು ವರ್ಷಗಳ ಬಳಿಕ, 1076ರಲ್ಲಿ, ಇಲ್ಲಿಯೇ ಒಂದು ವಿದ್ಯಾಲಯ ಆರಂಭವಾಯಿತು. ವಿಯೆಟ್ನಾಮಿನ ಪ್ರಥಮ ವಿಶ್ವವಿದ್ಯಾಲಯವೆಂದು ಆ ದೇಶ ಇಂದು ಹೆಮ್ಮೆಯಿಂದ ಹೇಳಿಕೊಳ್ಳುವುದು ಇದನ್ನೇ. ಮೊದಲಿಗೆ ರಾಜಕುಮಾರರು ಮತ್ತು ಉನ್ನತ ಮನೆತನದವರಿಗೆ ಮಾತ್ರ ಪ್ರವೇಶವಿತ್ತು. 13ನೇ ಶತಮಾನದಲ್ಲಿ ಜನಸಾಮಾನ್ಯರ ಪ್ರತಿಭಾವಂತ ಮಕ್ಕಳಿಗೂ ಬಾಗಿಲು ತೆರೆಯಿತು.

ಒಂದರ ಹಿಂದೆ ಒಂದರಂತೆ ಐದು ಅಂಗಳಗಳಿರುವ ಈ ಆವರಣದಲ್ಲಿ 1805ರಲ್ಲಿ ಕಟ್ಟಿದ ಒಂದು ಪುಟ್ಟ ಮಂಟಪವಿದೆ. ಅದೇ ಇಂದು ಹನೋಯಿ ನಗರದ ಲಾಂಛನ. ವಿಯೆಟ್ನಾಮಿನ ಒಂದು ಲಕ್ಷ ಡಾಂಗ್ ನೋಟಿನ ಮೇಲೂ ಅದರ ಚಿತ್ರವಿದೆ. ಅದನ್ನು ದಾಟಿ ಮೂರನೇ ಅಂಗಳಕ್ಕೆ ಬಂದರೆ ಕೊಳದ ಎರಡೂ ಬದಿಗಳಲ್ಲಿ ಸಾಲಾಗಿ ನಿಂತ 82 ಶಿಲಾಶಾಸನಗಳು ಕಾಣುತ್ತವೆ. ಪ್ರತಿಯೊಂದು ಶಾಸನವನ್ನೂ ಒಂದು ಕಲ್ಲಿನ ಆಮೆ ಬೆನ್ನ ಮೇಲೆ ಹೊತ್ತಿದೆ. ಆಮೆ ಅವರಲ್ಲಿ ದೀರ್ಘಾಯುಷ್ಯದ ಸಂಕೇತ.

ಈ ಶಾಸನಗಳಲ್ಲಿರುವುದು ಯುದ್ಧ ಗೆದ್ದ ಸೇನಾಪತಿಗಳ ಹೆಸರುಗಳಲ್ಲ, ಪರೀಕ್ಷೆಯಲ್ಲಿ ತೇರ್ಗಡೆಯಾದವರ ಹೆಸರುಗಳು. ಲೆ ಲೋಯಿಯ ಮೊಮ್ಮಗ ಲೆ ತಾನ್ ತೋಂಗ್ 1484ರಲ್ಲಿ ಈ ಪದ್ಧತಿಯನ್ನು ಆರಂಭಿಸಿದನು. 1442ರಿಂದ 1779ರವರೆಗೆ ನಡೆದ ಪರೀಕ್ಷೆಗಳಲ್ಲಿ ಅತ್ಯುನ್ನತ ಪದವಿ ಪಡೆದ 1300ಕ್ಕೂ ಹೆಚ್ಚು ಮಂದಿಯ ಹೆಸರು ಮತ್ತು ಊರು ಇಲ್ಲಿ ದಾಖಲಾಗಿವೆ. ಆ ಪದವಿಯ ಹೆಸರು ತಿಯೆನ್ ಸಿ. ಇಂದಿಗೂ ವಿಯೆಟ್ನಾಮಿನಲ್ಲಿ ಡಾಕ್ಟರೇಟ್ ಪಡೆದವರನ್ನು ಇದೇ ಹೆಸರಿನಿಂದ ಕರೆಯುತ್ತಾರೆ.

ಈ ಪದವಿಯ ದಾರಿ ಸುಲಭದ್ದಾಗಿರಲಿಲ್ಲ. ಮೊದಲು ಪ್ರಾಂತ್ಯದ ಪರೀಕ್ಷೆ, ನಂತರ ರಾಜಧಾನಿಯ ಪರೀಕ್ಷೆ, ಕೊನೆಗೆ ಅರಮನೆಯ ಪರೀಕ್ಷೆ. ಸಾಮಾನ್ಯವಾಗಿ ಮೂರು ವರ್ಷಗಳಿಗೊಮ್ಮೆ ಇವು ನಡೆಯುತ್ತಿದ್ದವು. ಪ್ರಾಂತ್ಯದ ಪರೀಕ್ಷೆಗೆ ಬಂದವರು ತಮ್ಮ ಡೇರೆಯನ್ನೂ ಕೂರುವ ಬಿದಿರಿನ ಮಣೆಯನ್ನೂ ತಾವೇ ಹೊತ್ತು ತಂದು, ಬಯಲಿನಲ್ಲಿ ಹೂಡಿ, ಅದರೊಳಗೆ ಕುಳಿತು ಬರೆಯಬೇಕಿತ್ತು. ಮೊದಲ ಶಾಸನದಲ್ಲಿ, ಅಂದರೆ 1442ರ ಸಾಲಿನಲ್ಲಿ, ಮುಂದೆ ದೇಶದ ಚರಿತ್ರೆಯನ್ನು ಬರೆದ ನ್ಗೊ ಸಿ ಲಿಯೆನ್ ಅವರ ಹೆಸರಿದೆ. ಪ್ರತಿಭಾವಂತರೇ ದೇಶದ ಜೀವಶಕ್ತಿ, ಆ ಶಕ್ತಿ ಬಲವಾಗಿದ್ದರೆ ದೇಶ ಏಳುತ್ತದೆ, ಕುಂದಿದರೆ ದೇಶವೂ ಕುಂದುತ್ತದೆ ಎಂಬ ಆಶಯವನ್ನು ಅದೇ ಶಾಸನದಲ್ಲಿ ತಾನ್ ನ್ಯಾನ್ ಚುಂಗ್ ಎಂಬ ವಿದ್ವಾಂಸರು ಬರೆದಿದ್ದಾರೆ. 2011ರಲ್ಲಿ ಯುನೆಸ್ಕೊ ಈ ಶಾಸನಗಳನ್ನು ವಿಶ್ವ ಸ್ಮೃತಿಯ ಪಟ್ಟಿಗೆ ಸೇರಿಸಿತು. ಪರೀಕ್ಷೆಯ ದಿನಗಳು ಬಂದಾಗ ವಿದ್ಯಾರ್ಥಿಗಳು ಅದೃಷ್ಟಕ್ಕಾಗಿ ಆಮೆಗಳ ತಲೆ ಸವರುತ್ತಿದ್ದುದರಿಂದ ಕಲ್ಲು ಸವೆಯತೊಡಗಿತು. ಹಾಗಾಗಿ ಈಗ ಸುತ್ತಲೂ ತಡೆ ಹಾಕಿದ್ದಾರೆ. ಕಲ್ಲು ಸವರಿದರೆ ಅಂಕ ಬಾರದು ಎಂಬುದು ನಮ್ಮ ವಿದ್ಯಾರ್ಥಿಗಳಿಗೆ ತಿಳಿದೇ ಇದೆ. ಆ ಶಾಸನಗಳಲ್ಲಿರುವವರು ಹೆಸರು ಗಳಿಸಿದ್ದು ವರ್ಷಗಟ್ಟಲೆ ಓದಿ.

ರಾಜೀನಾಮೆ ಕೊಟ್ಟ ಗುರು

ಇಲ್ಲಿಯ ಗುರುಗಳಲ್ಲಿ ವಿಯೆಟ್ನಾಮಿನ ಜನ ಇಂದಿಗೂ ಹೆಚ್ಚು ಗೌರವಿಸುವುದು 14ನೇ ಶತಮಾನದ ಚು ವಾನ್ ಆನ್ ಅವರನ್ನು. ಅವರು ವಿದ್ಯಾಲಯದ ಮುಖ್ಯಸ್ಥರಾಗಿದ್ದರು, ರಾಜಕುಮಾರರಿಗೂ ಪಾಠ ಹೇಳಿದವರು. ಆಸ್ಥಾನದಲ್ಲಿ ಭ್ರಷ್ಟಾಚಾರ ಮಿತಿಮೀರಿದಾಗ ಏಳು ಮಂದಿ ಅಧಿಕಾರಿಗಳಿಗೆ ಮರಣದಂಡನೆ ವಿಧಿಸಬೇಕೆಂದು ಅವರು ದೊರೆಗೆ ಮನವಿ ಸಲ್ಲಿಸಿದರು. ಆ ಏಳೂ ಮಂದಿ ದೊರೆಗೆ ಬೇಕಾದವರು. ದೊರೆ ಕಿವಿಗೊಡಲಿಲ್ಲ. ಚು ವಾನ್ ಆನ್ ತಮ್ಮ ಹುದ್ದೆಯನ್ನು ತ್ಯಜಿಸಿ, ದೂರದ ಬೆಟ್ಟದ ಊರೊಂದಕ್ಕೆ ಹೋಗಿ, ಅಲ್ಲಿಯೇ ಕೊನೆಯವರೆಗೂ ಪಾಠ ಹೇಳುತ್ತಾ ಬಾಳಿದರು. ದೊರೆಯ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಮಾತ್ರ ಬಲ್ಲರು. ಗುರುವಿನ ಹೆಸರು ವಿಯೆಟ್ನಾಮಿನ ಹಲವು ಶಾಲೆಗಳಿಗಿದೆ. ಅನ್ಯಾಯದ ಆಡಳಿತಗಾರನ ಮುಂದೆ ಸತ್ಯವನ್ನು ನುಡಿಯುವುದು ಎಷ್ಟು ದೊಡ್ಡ ಕಾರ್ಯವೆಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಆ ಮೌಲ್ಯ ಎಲ್ಲ ನಾಡಿನ ಜ್ಞಾನಿಗಳಲ್ಲೂ ಇತ್ತೆಂಬುದಕ್ಕೆ ಇದೊಂದು ಸಾಕ್ಷಿ.

ಶಾಸನದಲ್ಲಿ ಇಲ್ಲದವರು

ಇಷ್ಟೆಲ್ಲ ಹೇಳಿದ ಮೇಲೆ ಒಂದು ಪ್ರಶ್ನೆಯನ್ನು ಕೇಳಿಕೊಳ್ಳಲೇಬೇಕು. ಈ 82 ಶಾಸನಗಳಲ್ಲಿ ಯಾರ ಹೆಸರುಗಳಿಲ್ಲ?

ಮೊದಲನೆಯದಾಗಿ, ಹೆಣ್ಣುಮಕ್ಕಳ ಹೆಸರುಗಳಿಲ್ಲ. ಅವರಿಗೆ ಪರೀಕ್ಷೆಗೆ ಕೂರುವ ಅವಕಾಶವೇ ಇರಲಿಲ್ಲ. ನ್ಗುಯೆನ್ ಥಿ ಯುಯೆ ಎಂಬ ಯುವತಿ ಗಂಡು ವೇಷ ಧರಿಸಿ, ಮಾಕ್ ವಂಶದ ಆಡಳಿತದಲ್ಲಿ ಪರೀಕ್ಷೆ ಬರೆದು ಉನ್ನತ ಪದವಿ ಪಡೆದಳೆಂದು ಅಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. ಓದಲು ವೇಷ ಬದಲಿಸಬೇಕಾಗಿ ಬಂದದ್ದು ಆಕೆಯ ತಪ್ಪಲ್ಲ, ಆ ವ್ಯವಸ್ಥೆಯ ತಪ್ಪು.

ಎರಡನೆಯದಾಗಿ, ಸೋತ ನಾಡಿನವರ ನೆನಪಿಲ್ಲ. ಶಾಸನಗಳನ್ನು ನಿಲ್ಲಿಸಿದ ಲೆ ತಾನ್ ತೋಂಗ್ ಅದಕ್ಕೆ 13 ವರ್ಷ ಮೊದಲು, 1471ರಲ್ಲಿ, ದಕ್ಷಿಣದ ಚಂಪಾ ರಾಜ್ಯದ ಮೇಲೆ ದಂಡೆತ್ತಿ ಹೋಗಿ ಅದರ ರಾಜಧಾನಿ ವಿಜಯವನ್ನು ನಾಶಪಡಿಸಿದವನು. ಚಂಪಾ ಎಂಬುದು ಭಾರತದೊಡನೆ ಆಳವಾದ ಸಂಬಂಧವಿದ್ದ ನಾಡು. ಹನೋಯಿಯ ರಾಷ್ಟ್ರೀಯ ಇತಿಹಾಸ ವಸ್ತುಸಂಗ್ರಹಾಲಯದಲ್ಲಿ ವೊ ಕಾನ್ ಶಾಸನ ಎಂಬ ದೊಡ್ಡ ಕಲ್ಲೊಂದಿದೆ. ಮಧ್ಯ ವಿಯೆಟ್ನಾಮಿನ ನ್ಯಾ ಚಾಂಗ್ ಬಳಿ ಸಿಕ್ಕಿದ ಇದು ಆಗ್ನೇಯ ಏಷ್ಯಾದ ಅತ್ಯಂತ ಹಳೆಯ ಸಂಸ್ಕೃತ ಶಾಸನಗಳಲ್ಲೊಂದು. ಅದರ ಲಿಪಿ ದಕ್ಷಿಣ ಭಾರತದ ಬ್ರಾಹ್ಮಿಯಿಂದ ಬಂದದ್ದು. ನಾವು ಬರೆಯುವ ಕನ್ನಡ ಲಿಪಿಯೂ ಚಾಮ್ ಜನರ ಲಿಪಿಯೂ ಅದೇ ಬ್ರಾಹ್ಮಿಯ ಎರಡು ಕವಲುಗಳು. ಕಡಲ ವ್ಯಾಪಾರದ ದಾರಿಯಲ್ಲಿ ಅಕ್ಷರಗಳೂ ಪ್ರಯಾಣ ಮಾಡಿದ್ದವು.

ಅದೇ ಕಡಲ ದಾರಿಯಲ್ಲಿ ಇಸ್ಲಾಂ ಧರ್ಮವೂ ಚಂಪಾ ತಲುಪಿತು. 17ನೇ ಶತಮಾನದ ವೇಳೆಗೆ ಚಾಮ್ ಜನರಲ್ಲಿ ದೊಡ್ಡ ಸಂಖ್ಯೆಯವರು ಮುಸ್ಲಿಮರಾಗಿದ್ದರು. ಚಂಪಾದ ಕೊನೆಯ ತುಂಡು ನೆಲವನ್ನು 1832ರಲ್ಲಿ ವಿಯೆಟ್ನಾಮಿಗೆ ಸೇರಿಸಿಕೊಂಡವನು ಮಿನ್ ಮಾಂಗ್. ಒಂದು ವರ್ಷ ಮೊದಲು ಹನೋಯಿಗೆ ಈಗಿನ ಹೆಸರು ಬಂದದ್ದು ಇವನ ಕಾಲದಲ್ಲೇ. ಇಂದು ವಿಯೆಟ್ನಾಮಿನ ಮುಸ್ಲಿಮರಲ್ಲಿ ಬಹುಪಾಲು ಈ ಚಾಮ್ ಜನರೇ. ಮೇಕಾಂಗ್ ನದೀಮುಖದ ಆನ್ ಜಾಂಗ್ ಪ್ರಾಂತ್ಯ, ಹೊ ಚಿ ಮಿನ್ ನಗರ ಮತ್ತು ದಕ್ಷಿಣ ಕರಾವಳಿಯಲ್ಲಿ ಅವರು ಬಾಳುತ್ತಿದ್ದಾರೆ. ವಿದ್ವಾಂಸರಿಗೆ ಶಿಲಾಶಾಸನ ನಿಲ್ಲಿಸಿದ ದೊರೆಯೇ ನೆರೆಯ ರಾಜ್ಯವೊಂದನ್ನು ಧ್ವಂಸ ಮಾಡಿದ್ದನೆಂಬುದನ್ನು ಇತಿಹಾಸ ಓದುವವರು ಮರೆಯಬಾರದು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಟ್ಟರೆ ಅದು ಇತಿಹಾಸವಾಗದು.

ಬಾಚಣಿಗೆ ಬೀದಿಯ ಮಸೀದಿ

ಹನೋಯಿಯ ಹಳೆಯ ಪೇಟೆಯನ್ನು 36 ಬೀದಿಗಳ ಪೇಟೆ ಎನ್ನುತ್ತಾರೆ. ಒಂದೊಂದು ಕಸುಬಿನವರಿಗೆ ಒಂದೊಂದು ಬೀದಿ. ಬೆಳ್ಳಿಯ ಬೀದಿ, ರೇಷ್ಮೆಯ ಬೀದಿ, ಕಾಗದದ ಬೀದಿ ಎಂಬಂತೆ ಹೆಸರುಗಳು. ಹಾಂಗ್ ಲುವೊಕ್ ಎಂದರೆ ಬಾಚಣಿಗೆ ಬೀದಿ. ಈ ಬೀದಿಯ 12ನೇ ಸಂಖ್ಯೆಯ ಕಟ್ಟಡವೇ ಅಲ್ ನೂರ್ ಮಸೀದಿ. ಫ್ರೆಂಚ್ ಆಡಳಿತ ಕಾಲೂರುತ್ತಿದ್ದ ದಿನಗಳಲ್ಲಿ ವ್ಯಾಪಾರಕ್ಕಾಗಿ ಬಂದು ನೆಲೆಸಿದ ಭಾರತದ ಮುಸ್ಲಿಮರು, ಮುಖ್ಯವಾಗಿ ಬೊಂಬಾಯಿಯ ವರ್ತಕರು, ತಮ್ಮೊಳಗೆ ಹಣ ಕೂಡಿಸಿ 1885ರಲ್ಲಿ ಇದರ ಕೆಲಸ ಆರಂಭಿಸಿದರು. 1890ರಲ್ಲಿ ಮಸೀದಿ ಪೂರ್ಣವಾಯಿತು. ಬಿಳಿ ಗೋಡೆ, ಕಮಾನುಗಳು, ಒಂದು ಮಿನಾರ. ಹೊರಗಿನ ಗದ್ದಲದ ಬೀದಿಯಿಂದ ಒಳಗೆ ಬಂದರೆ ಶಾಂತವಾದ ಅಂಗಳ. ಹನೋಯಿ ನಗರದ ಏಕೈಕ ಮಸೀದಿ ಇದು.

ಮಸೀದಿ ಕಟ್ಟಿದ ಆ ವರ್ತಕರ ವಂಶಜರು ಇಂದು ಅಲ್ಲಿ ನೆಲೆಸಿಲ್ಲ. ಶುಕ್ರವಾರದ ಜುಮಾ ನಮಾಝಿಗೆ ಸೇರುವವರಲ್ಲಿ ಹೆಚ್ಚಿನವರು ಬೇರೆ ಬೇರೆ ದೇಶಗಳ ರಾಯಭಾರ ಕಚೇರಿಗಳ ಸಿಬ್ಬಂದಿ, ವಿದ್ಯಾರ್ಥಿಗಳು, ಉದ್ಯೋಗಿಗಳು, ವ್ಯಾಪಾರಿಗಳು ಮತ್ತು ಪ್ರವಾಸಿಗಳು. ಪರಸ್ಪರರ ಭಾಷೆ ತಿಳಿಯದವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ದಕ್ಷಿಣದ ಸೈಗಾನ್, ಅಂದರೆ ಇಂದಿನ ಹೊ ಚಿ ಮಿನ್ ನಗರದಲ್ಲೂ 1935ರಲ್ಲಿ ದಕ್ಷಿಣ ಭಾರತದ ಮುಸ್ಲಿಮರು ಕಟ್ಟಿದ ಜಾಮಿಯಾ ಮಸೀದಿ ಇದೆ. ಪರದೇಶಕ್ಕೆ ದುಡಿಯಲು ಹೋದವರು ತಮ್ಮ ಗಳಿಕೆಯಲ್ಲಿ ಒಂದು ಪಾಲನ್ನು ಸಮುದಾಯದ ಕಾರ್ಯಕ್ಕೆ ಇಟ್ಟರೆ, ಅದು ಅವರು ಹೋದ ನಂತರವೂ ಉಳಿಯುತ್ತದೆ ಎಂಬುದಕ್ಕೆ ಈ ಎರಡು ಕಟ್ಟಡಗಳು ನಿದರ್ಶನ. ವಕ್ಫ್ ಎಂಬುದರ ಹಿಂದಿನ ಆಶಯವೂ ಇದೇ ಅಲ್ಲವೇ?

ಒಂದು ವರ್ಷವೂ ನಡೆಯದ ಶಾಲೆ

ಮಸೀದಿಯಿಂದ ಕೆರೆಯ ಕಡೆಗೆ ಹತ್ತು ಹದಿನೈದು ನಿಮಿಷ ನಡೆದರೆ ಹಾಂಗ್ ದಾವ್ ಬೀದಿ. ರೇಷ್ಮೆ ಬಟ್ಟೆಯ ಅಂಗಡಿಗಳಿದ್ದ ಈ ಬೀದಿಯಲ್ಲಿ 1907ರ ಮಾರ್ಚ್‌ನಲ್ಲಿ ಒಂದು ಉಚಿತ ಶಾಲೆ ಆರಂಭವಾಯಿತು. ಅದರ ಹೆಸರು ದೋಂಗ್ ಕಿನ್ ನ್ಯಿಯಾ ತುಕ್. ಅದರ ಮುಖ್ಯಸ್ಥರು ಲುವಾಂಗ್ ವಾನ್ ಕಾನ್. ಅವರೂ ಅವರ ಸಂಗಡಿಗರಲ್ಲಿ ಹಲವರೂ ಹಳೆಯ ಪದ್ಧತಿಯ ಪರೀಕ್ಷೆಗಳಲ್ಲಿ ತೇರ್ಗಡೆಯಾದ ವಿದ್ವಾಂಸರು. ಜಪಾನಿನಲ್ಲಿ ಫುಕುಜಾವಾ ಯುಕಿಚಿ ಸ್ಥಾಪಿಸಿದ ಕೆಯೊ ವಿದ್ಯಾಸಂಸ್ಥೆ ಅವರಿಗೆ ಮಾದರಿಯಾಗಿತ್ತು. ಶುಲ್ಕವಿಲ್ಲ, ಪುಸ್ತಕ ಮತ್ತು ಕಾಗದ ಉಚಿತ. ಖರ್ಚು ನಡೆದದ್ದು ದಾನಿಗಳ ದೇಣಿಗೆಯಿಂದ. ಚರಿತ್ರೆ, ಭೂಗೋಳ, ಗಣಿತ, ವಿಜ್ಞಾನ ಎಲ್ಲವನ್ನೂ ಕಲಿಸುತ್ತಿದ್ದರು. ಹೆಣ್ಣುಮಕ್ಕಳಿಗೂ ಪ್ರವೇಶವಿತ್ತು.

ಈ ಶಾಲೆಯ ಬಹುಮುಖ್ಯ ನಿರ್ಧಾರ ಲಿಪಿಗೆ ಸಂಬಂಧಿಸಿದ್ದು. ಸಾಹಿತ್ಯ ಮಂದಿರದ ಶಾಸನಗಳು ಚೀನೀ ಅಕ್ಷರಗಳಲ್ಲಿವೆ. ಅವನ್ನು ಕಲಿಯಲು ವರ್ಷಗಳೇ ಬೇಕು. ಬಡ ರೈತನ ಮಗನಿಗೆ ಅಷ್ಟು ಬಿಡುವು ಎಲ್ಲಿಂದ ಬರಬೇಕು? ವಿಯೆಟ್ನಾಮೀ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವ ಪದ್ಧತಿಯನ್ನು 17ನೇ ಶತಮಾನದಲ್ಲಿ ಕ್ರೈಸ್ತ ಪಾದ್ರಿಗಳು ರೂಪಿಸಿದ್ದರು. ಅವರಲ್ಲೊಬ್ಬರಾದ ಅಲೆಕ್ಸಾಂದ್ರ ದ ರೋಡ್ ಅವರ ನಿಘಂಟು 1651ರಲ್ಲಿ ರೋಮ್ ನಗರದಲ್ಲಿ ಅಚ್ಚಾಯಿತು. ಪರಕೀಯರು ತಂದ ಲಿಪಿ ಎಂಬ ತಾತ್ಸಾರ ವಿದ್ವಾಂಸರಲ್ಲಿ ಬಹಳವಿತ್ತು. ಆದರೆ ಜನ ತಮ್ಮ ಮಾತೃಭಾಷೆಯನ್ನು ಕೆಲವೇ ತಿಂಗಳಲ್ಲಿ ಓದಿ ಬರೆಯಬಲ್ಲರೆಂಬುದನ್ನು ಕಂಡುಕೊಂಡ ಈ ಶಾಲೆಯ ಹಿರಿಯರು ಅದನ್ನೇ ಕಲಿಸಲು ಮುಂದಾದರು. ಚೀನೀ ಅಕ್ಷರಗಳಲ್ಲಿ ಪಾಂಡಿತ್ಯ ಪಡೆದು ಅದರಿಂದಲೇ ಮರ್ಯಾದೆ ಗಳಿಸಿದವರು, ತಮಗಿದ್ದ ಆ ಮೇಲ್ಮೆಯನ್ನು ಬದಿಗಿಟ್ಟು ಎಲ್ಲರಿಗೂ ಎಟಕುವ ಲಿಪಿಯನ್ನು ಆರಿಸಿಕೊಂಡರು.

ಫ್ರೆಂಚ್ ಸರ್ಕಾರಕ್ಕೆ ಈ ಶಾಲೆ ಅಪಾಯಕಾರಿಯಾಗಿ ಕಂಡಿತು. ವರ್ಷ ತುಂಬುವ ಮೊದಲೇ ಅದನ್ನು ಮುಚ್ಚಿಸಿದರು. ಮುಂದೆ ಅದರ ಹಿರಿಯರಲ್ಲಿ ಕೆಲವರು ದ್ವೀಪದ ಸೆರೆಮನೆಗೆ ಹೋದರು, ಲುವಾಂಗ್ ವಾನ್ ಕಾನ್ ಅವರನ್ನು ಕಾಂಬೋಡಿಯಾಕ್ಕೆ ಗಡೀಪಾರು ಮಾಡಲಾಯಿತು. ಆದರೆ ಹಚ್ಚಿದ ದೀಪ ಆರಲಿಲ್ಲ. ಹೊವಾ ಲೊ ಸೆರೆಮನೆಯ ಕಥೆಯನ್ನೇ ನೋಡಿ. 1896ರಲ್ಲಿ ಫ್ರೆಂಚರು ಹನೋಯಿಯ ನಡುವೆ ಕಟ್ಟಿಸಿದ ಈ ಸೆರೆಮನೆಯಲ್ಲಿ ಸ್ವಾತಂತ್ರ್ಯ ಹೋರಾಟಗಾರರನ್ನು ಕಿಕ್ಕಿರಿಸಿ ತುಂಬುತ್ತಿದ್ದರು. ಅದರ ಒಂದು ಭಾಗ ಈಗ ವಸ್ತುಸಂಗ್ರಹಾಲಯ. ಕಾಲಿಗೆ ಹಾಕುತ್ತಿದ್ದ ಕಬ್ಬಿಣದ ಕೋಳಗಳನ್ನೂ ಶಿರಚ್ಛೇದ ಯಂತ್ರವನ್ನೂ ಅಲ್ಲಿ ನೋಡಬಹುದು. ಆ ಗೋಡೆಗಳೊಳಗೂ ಕೈದಿಗಳು ಕಾವಲುಗಾರರ ಕಣ್ಣು ತಪ್ಪಿಸಿ ಒಬ್ಬರಿಗೊಬ್ಬರು ಪಾಠ ಹೇಳಿಕೊಂಡರು. ಅಕ್ಷರ ಬಾರದೆ ಒಳಗೆ ಬಂದವರು ಅಕ್ಷರ ಕಲಿತು ಹೊರಬಂದರು.

1945ರ ಸೆಪ್ಟೆಂಬರ್ 2ರಂದು ಹನೋಯಿಯ ಬಾ ದಿನ್ ಮೈದಾನದಲ್ಲಿ ಹೊ ಚಿ ಮಿನ್ ಸ್ವಾತಂತ್ರ್ಯ ಘೋಷಿಸಿದರು. ಅದೇ ವರ್ಷದ ಭೀಕರ ಕ್ಷಾಮದಿಂದ ದೇಶ ಇನ್ನೂ ಚೇತರಿಸಿಕೊಂಡಿರಲಿಲ್ಲ, ಬೊಕ್ಕಸ ಬರಿದಾಗಿತ್ತು. ಆದರೂ ಆರು ದಿನಗಳ ನಂತರ, ಸೆಪ್ಟೆಂಬರ್ 8ರಂದು, ಹೊಸ ಸರ್ಕಾರ ಅನಕ್ಷರತೆಯನ್ನು ಅಳಿಸುವ ಆಜ್ಞೆಗಳನ್ನು ಹೊರಡಿಸಿತು. ಆಗ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಜನ ಅನಕ್ಷರಸ್ಥರು. ಓದು ಬಲ್ಲವರು ಬಾರದವರಿಗೆ ಕಲಿಸಬೇಕು, ಗಂಡ ಹೆಂಡತಿಗೆ, ಮಕ್ಕಳು ಹೆತ್ತವರಿಗೆ ಕಲಿಸಬೇಕು ಎಂಬ ಕರೆ ಹೋಯಿತು. ಮನೆಯ ಜಗಲಿ, ದೇಗುಲದ ಅಂಗಳ, ಮರದ ನೆರಳು ಎಲ್ಲವೂ ತರಗತಿಗಳಾದವು. ಒಂದು ವರ್ಷದಲ್ಲಿ ಸುಮಾರು 25 ಲಕ್ಷ ಜನ ಓದಲು ಕಲಿತರೆಂದು ಸರ್ಕಾರ ಪ್ರಕಟಿಸಿತು. ಅವರು ಕಲಿತದ್ದು 1907ರ ಆ ಶಾಲೆ ಆರಿಸಿಕೊಂಡಿದ್ದ ಲಿಪಿಯನ್ನೇ. 2019ರ ಜನಗಣತಿಯ ಪ್ರಕಾರ ವಿಯೆಟ್ನಾಮಿನಲ್ಲಿ 15 ವರ್ಷ ಮೇಲ್ಪಟ್ಟವರ ಸಾಕ್ಷರತೆ ಶೇಕಡಾ 95.8.

ನಾವು ಕಲಿಯಬೇಕಾದದ್ದು

ಸಾಹಿತ್ಯ ಮಂದಿರದ ವಿದ್ಯಾಲಯ ಏಳು ಶತಮಾನಗಳಿಗೂ ಹೆಚ್ಚು ಕಾಲ ನಡೆಯಿತು. ಅದರ ಕೀರ್ತಿಗೆ ಸಾಕ್ಷಿಯಾಗಿ 82 ಶಾಸನಗಳು ನಿಂತಿವೆ. ಆದರೂ 1945ರಲ್ಲಿ ದೇಶದ ಹೆಚ್ಚಿನ ಜನ ತಮ್ಮ ಹೆಸರನ್ನೂ ಬರೆಯಲಾರದವರಾಗಿದ್ದರು. ಕೆಲವರನ್ನು ಮೇಲೆತ್ತಿ ಗೌರವಿಸುವ ಶಿಕ್ಷಣ ಬೇಕು, ಅದು ಉಳಿದವರಿಗೆ ಗುರಿಯನ್ನು ತೋರಿಸುತ್ತದೆ. ಆದರೆ ಅಷ್ಟೇ ಸಾಲದು. ಹಾಂಗ್ ದಾವ್ ಬೀದಿಯ ಶಾಲೆ ಒಂದು ವರ್ಷವೂ ನಡೆಯಲಿಲ್ಲ, ಅಲ್ಲಿ ಓದಿದವರ ಹೆಸರುಗಳನ್ನು ಯಾರೂ ಕಲ್ಲಿನಲ್ಲಿ ಕೊರೆಯಲಿಲ್ಲ. ಆದರೆ ಎಲ್ಲರಿಗೂ ಅಕ್ಷರ ಎಂಬ ದಾರಿಯನ್ನು ತೆರೆದವರಲ್ಲಿ ಅವರೂ ಸೇರಿದ್ದಾರೆ. ಕೆರೆಯ ಉತ್ತರ ತುದಿಯಲ್ಲಿ, ಹಾಂಗ್ ದಾವ್ ಬೀದಿ ಆರಂಭವಾಗುವಲ್ಲಿ, ಇಂದು ಒಂದು ಚೌಕಕ್ಕೆ ಆ ಶಾಲೆಯ ಹೆಸರಿದೆ.

ನಮ್ಮ ಸಂಘಸಂಸ್ಥೆಗಳ ಪತ್ರಿಕೆಗಳಲ್ಲಿ ಪ್ರತಿವರ್ಷ ರ‍್ಯಾಂಕ್ ಪಡೆದವರ ಭಾವಚಿತ್ರಗಳು ಪ್ರಕಟವಾಗುತ್ತವೆ. ಆಗಲೇಬೇಕು, ಅವೇ ನಮ್ಮ ಶಿಲಾಶಾಸನಗಳು. ಅದರ ಜೊತೆಗೆ ಏಳನೇ ತರಗತಿಗೇ ಶಾಲೆ ಬಿಟ್ಟು ಅಂಗಡಿಗೆ ಸೇರಿದ ಹುಡುಗನ ಹೆಸರು, ಹೈಸ್ಕೂಲು ದೂರವೆಂದು ಮನೆಯಲ್ಲೇ ಉಳಿದ ಹುಡುಗಿಯ ಹೆಸರು ನಮ್ಮ ಯಾವುದಾದರೂ ದಾಖಲೆಯಲ್ಲಿದೆಯೇ? ಪ್ರತಿಯೊಂದು ಜಮಾಅತ್‌ನಲ್ಲೂ ಅಂಥ ಮಕ್ಕಳ ಒಂದು ಪಟ್ಟಿ ಸಿದ್ಧವಾದರೆ, ಓದಿದ ಯುವಕ ಯುವತಿಯರು ವಾರಕ್ಕೆರಡು ಸಂಜೆ ಅವರಿಗಾಗಿ ಕೊಟ್ಟರೆ, ಅದಕ್ಕೆ ದೊಡ್ಡ ಕಟ್ಟಡವಾಗಲಿ ದೊಡ್ಡ ನಿಧಿಯಾಗಲಿ ಬೇಕಿಲ್ಲ. ಜ್ಞಾನಾರ್ಜನೆ ಪ್ರತಿಯೊಬ್ಬ ಮುಸ್ಲಿಮನ ಕರ್ತವ್ಯವೆಂದು ನಮಗೆ ಕಲಿಸಲಾಗಿದೆ. ಪ್ರತಿಯೊಬ್ಬ ಎಂಬ ಆ ಮಾತಿನಲ್ಲಿ ಪಟ್ಟಿಯ ಕೊನೆಯಲ್ಲಿರುವ ಮಗುವೂ ಸೇರಿದೆ.